ಕೇವಲ ಆರನೇ ಕ್ಲಾಸು

"ಅಪ್ಪಾ, ಅವತ್ತೊಂದಿನ ವಸಿ ಡೀಸೆಂಟಾ ಇರು."

ಮಗಳು ಹೇಳಿದ್ದು ಇಷ್ಟೇ. ಊಟಕ್ಕೆ ಕೂತಿದ್ದೆವು, ತಟ್ಟೆಯಿಂದ ತಲೆ ಎತ್ತದೆ ಹೇಳಿದಳು. ಅವಳು ಸೇಲಂನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲೇ ಫಿಸಿಯೋಥೆರಪಿ ನೋಡಿಕೊಳ್ಳುವ ಒಬ್ಬ ಹುಡುಗನನ್ನು ಒಪ್ಪಿಕೊಂಡಿದ್ದಳು. ನಮ್ಮ ಜನವೇ, ಮನೆಮಾತೂ ಕನ್ನಡವೇ, ಊರು ಮಾತ್ರ ಗಡಿಯಾಚೆಯ ಕೊಳ್ಳೇಗಾಲ. ನಮಗೂ ಹುಡುಗ ಹಿಡಿಸಿದ್ದ. ಉಳಿದದ್ದು ಅವನ ಮನೆಯವರು ಬಂದು ನೋಡಿ ಹೂಂ ಅನ್ನುವುದೊಂದೇ. ಅವನ ತಂದೆ ಹೈಸ್ಕೂಲಿನ ಹೆಡ್‌ಮೇಷ್ಟ್ರಾಗಿ ನಿವೃತ್ತರಾದವರು. "ಅವ್ರು ಸರಿ ಅಂದ್ರೆ ಸರಿ, ಇಲ್ಲಾಂದ್ರೆ ಇಲ್ಲ ಅಪ್ಪಾ, ಅಪ್ಪನ ಮಾತು ಮೀರೋನಲ್ಲ ಅವ್ನು" ಎಂದು ಮಗಳು ಮೊದಲೇ ಹೇಳಿದ್ದಳು. ಅವರು ನಮ್ಮೂರು ಶಂಕಗಿರಿಗೆ ಬರುವುದಕ್ಕೆ ಇನ್ನೊಂದು ತಿಂಗಳಿತ್ತು.

"ನಾನೇನು ಈಗ ಡೀಸೆಂಟಾಗಿಲ್ವಾ?" ಅಂದೆ.

"ಅಂಗಲ್ಲಪ್ಪಾ. ನೀನು ಸುಮ್ಕೆ ಮಾತಾಡುದ್ರೂ ಲಾರಿ ಕೆಳಗಿಂದ ಕೂಗ್ದಂಗೆ ಇರ್ತೈತೆ. ಪಂಚೆ ಎತ್ತಿ ಕಟ್ಕಂಡು ಬಾಗ್ಲಲ್ಲಿ ನಿಂತ್ಕತೀಯ. ಅವ್ರು ಓದ್ದೋರು."

ಹೆಂಡತಿ ಸಾರು ಬಡಿಸುತ್ತಿದ್ದಳು. "ಇಷ್ಟು ವರ್ಸ ನಾನು ಯೋಳಿ ಆಗ್ದಿದ್ದು, ನೀನು ಒಂದ್ ತಿಂಗ್ಳಲ್ಲಿ ಮಾಡ್ಸು ನೋಡಾನ" ಅಂದಳು. ಇಬ್ಬರೂ ನಕ್ಕರು. ನಾನೂ ನಕ್ಕೆ. ನಕ್ಕೆನಾದರೂ ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ನಾನು ಹುಟ್ಟಿದ್ದು ಪಾಲಮಲೆಯ ಮೇಲಿನ ಒಂದು ಹಟ್ಟಿಯಲ್ಲಿ. ಆರನೆಯ ತರಗತಿಗೆ ಬೆಟ್ಟ ಇಳಿದು ಕೊಳತ್ತೂರಿನ ಕಡೆಯ ತಮಿಳು ಶಾಲೆಗೆ ಬರಬೇಕಿತ್ತು. ಒಂದು ವರ್ಷ ಇಳಿದೆ, ಹತ್ತಿದೆ. ಮರುವರ್ಷ ಇಳಿದವನು ಶಾಲೆಗೆ ಹೋಗದೆ ಶಂಕಗಿರಿಯ ಒಂದು ಪಟ್ಟರೆಗೆ ಸೇರಿದೆ. ಕಮ್ಮಾರಸಾಲೆಗೂ ವರ್ಕ್‌ಶಾಪಿಗೂ ನಮ್ಮಲ್ಲಿ ಪಟ್ಟರೆ ಅಂತಲೇ ಹೆಸರು. ಲಾರಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟೆಗಳು ಮುರಿದರೆ ಬದಲಿಸಬೇಕು, ಬಾಗು ಹೋದದ್ದನ್ನು ಕಾಯಿಸಿ ಬಡಿದು ಮತ್ತೆ ಬಾಗಿಸಬೇಕು, ಅದು ಕೆಲಸ. ಈಗ ಬೈಪಾಸ್ ರಸ್ತೆಯಲ್ಲಿ ನನ್ನದೇ ಪಟ್ಟರೆ ಇದೆ. ಸುತ್ತಿಗೆಯಲ್ಲಿ ಒಮ್ಮೆ ತಟ್ಟಿದರೆ ಸಾಕು, ಕಣ್ಣಿಗೆ ಕಾಣದ ಬಿರುಕು ಯಾವ ಪಟ್ಟೆಯಲ್ಲಿದೆ ಎಂದು ಹೇಳುತ್ತೇನೆ. ಗಟ್ಟಿ ಪಟ್ಟೆ ಗಂಟೆಯ ಹಾಗೆ ದನಿ ಕೊಡುತ್ತದೆ, ಬಿರುಕಿನದು ಕೆಮ್ಮುತ್ತದೆ. ನನ್ನ ಕೈ ಸೋಕಿದ ಪಟ್ಟೆ ಆರು ತಿಂಗಳಲ್ಲಿ ವಾಪಸು ಬಂದದ್ದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾದೀತು, ಜಂಬವೇ. ಆದರೆ ಎಷ್ಟು ಓದಿದ್ದೀರಿ ಎಂದು ಯಾರಾದರೂ ಕೇಳುವಂತಿದ್ದರೆ, ಅವರು ಬಾಯಿ ತೆರೆಯುವ ಮೊದಲೇ ನಾನೇ "ಸಿಕ್ಸ್ತು" ಅಂದುಬಿಡುತ್ತಿದ್ದೆ. ಬೇರೆಯವರು ಕಂಡುಹಿಡಿಯುವುದನ್ನು ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಡೀಸೆಂಟು ಎನ್ನುವ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ಸೇಲಂನಲ್ಲಿ ಮೊಬೈಲ್ ಅಂಗಡಿಯೊಂದರ ಮಹಡಿಯಲ್ಲಿ ಪರ್ಸನಾಲಿಟಿ ಕ್ಲಾಸ್ ನಡೆಯುತ್ತದೆ ಎಂದು ಬಸ್ಸಿನ ಹಿಂದೆ ಅಂಟಿಸಿದ ಚೀಟಿಯಲ್ಲಿ ಓದಿದ್ದೆ. ಮಾತು, ನಡೆ, ನಿಲುವು, ಧೈರ್ಯ, ಎಲ್ಲವನ್ನೂ ನಾಲ್ಕು ಭಾನುವಾರದಲ್ಲಿ ಕಲಿಸುತ್ತಾರಂತೆ. ಮನೆಯಲ್ಲಿ ಸಾಮಾನು ತರಲು ಹೋಗುತ್ತೇನೆ ಎಂದು ಹೇಳಿ ಹೊರಟೆ.

ಅಲ್ಲಿದ್ದವರೆಲ್ಲ ಇಂಟರ್‌ವ್ಯೂಗೆ ತಯಾರಾಗುವ ಕಾಲೇಜು ಹುಡುಗ ಹುಡುಗಿಯರು. ನನ್ನನ್ನು ಯಾರದೋ ಅಪ್ಪ ಅಂದುಕೊಂಡು ಹೊರಗಿನ ಕುರ್ಚಿ ತೋರಿಸಿದರು. "ನಾನೇ ಸ್ಟೂಡೆಂಟು" ಎಂದು ತಮಿಳಿನಲ್ಲಿ ಹೇಳುವಾಗ ಕಿವಿ ಬಿಸಿಯಾಯಿತು. ಟೈ ಕಟ್ಟಿದ ಮೇಷ್ಟ್ರಿಗೆ ಮೂವತ್ತೂ ಆಗಿರಲಿಲ್ಲ. ಆದರೆ ಅವನು ಯಾರ ಮುಖದಲ್ಲೂ ನಗೆ ಬರದಂತೆ ನೋಡಿಕೊಂಡ, ಅದಕ್ಕಾಗಿ ನಾನು ಅವನಿಗೆ ಇವತ್ತಿಗೂ ಋಣಿ. ಮೊದಲ ದಿನ ಕೈಕುಲುಕುವುದನ್ನು ಹೇಳಿಕೊಟ್ಟ. ನನ್ನ ಜೋಡಿಯಾಗಿ ನಿಂತ ಹುಡುಗಿ ಎರಡೇ ಸೆಕೆಂಡಿಗೆ, "ಅಂಕಿಳ್, ವಲಿಕ್ಕುದು" ಎಂದು ಕೈ ಕೊಡವಿಕೊಂಡಳು. ನೋಯುತ್ತಿದೆ ಅಂತ. ನಾನು ಮೆಲ್ಲಗೆ ಹಿಡಿದಿದ್ದೇನೆ ಅಂದುಕೊಂಡಿದ್ದೆ.

ಮನೆಗೆ ಬಂದು ಕೈ ನೋಡಿಕೊಂಡೆ. ಉಗುರಿನ ಸುತ್ತ ಮಸಿ, ಗೆರೆಗಳ ಒಳಗೆಲ್ಲ ಮಸಿ. ಸೀಮೆಎಣ್ಣೆಯಲ್ಲಿ ಒರೆಸಿದೆ, ನಿಂಬೆಹಣ್ಣಿನ ಹೋಳಿನಿಂದ ತಿಕ್ಕಿದೆ, ಬಟ್ಟೆ ಸೋಪು ಹಚ್ಚಿ ಬ್ರಷ್ಷಿನಲ್ಲಿ ಉಜ್ಜಿದೆ. ಮರುದಿನ ಪಟ್ಟರೆಗೆ ಹೋದ ಅರ್ಧ ಗಂಟೆಗೆ ಎಲ್ಲ ಮೊದಲಿನಂತಾಯಿತು. ಬೀರುವಿನ ಕನ್ನಡಿಯ ಮುಂದೆ ಭುಜ ಹಿಂದಕ್ಕೆ ಮಾಡಿ ನಿಂತು ಮೆಲುದನಿಯಲ್ಲಿ, "ವಣಕ್ಕಂ ಸಾರ್, ಬನ್ನಿ ಸಾರ್, ಕೂತ್ಕೊಳ್ಳಿ ಸಾರ್" ಎಂದು ಅಭ್ಯಾಸ ಮಾಡುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಯಾರ ಜೊತೆ ಮಾತು?"

"ಸುಮ್ಮಾ."

"ಸುಮ್ಮಾನೇ ಇರ್ಲಿ. ಭುಜ ವಸಿ ಇಳ್ಸಿ ದೊರೆ, ಮೊಳೆ ಹೊಡೆದು ನೇತಾಕ್ದಂಗೆ ಐತೆ."

ಮೂರನೆಯ ಭಾನುವಾರದ ಪಾಠ ನನ್ನೊಳಗೆ ಇಳಿಯಿತು. ಯಾರಾದರೂ ನಿಮ್ಮ ಬಗ್ಗೆ ಕೀಳಾಗಿ ಮಾತಾಡಿದರೆ ತಲೆ ತಗ್ಗಿಸಬೇಡಿ, ಜಗಳವನ್ನೂ ಆಡಬೇಡಿ, ಎಂದ ಮೇಷ್ಟ್ರು. ಅವರ ಕಣ್ಣನ್ನೇ ನೋಡಿ. ಮನಸ್ಸಿನಲ್ಲಿ ಮೂರು ಎಣಿಸಿ. ಸ್ವಲ್ಪ ನಗುತ್ತ, ದನಿ ಏರಿಸದೆ, ಹೇಳಬೇಕಾದ್ದನ್ನು ಹೇಳಿ ನಿಲ್ಲಿಸಿ. ನನ್ನನ್ನು ಎದ್ದು ನಿಲ್ಲಿಸಿ ಒಬ್ಬ ಹುಡುಗನಿಂದ ಬೈಯಿಸಿದ. ಅವನು ಹೇಳಿಕೊಟ್ಟ ಹಾಗೆಯೇ ಮಾಡಿದೆ. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಆರನೇ ತರಗತಿ ಬಿಟ್ಟ ಮೇಲೆ ಕ್ಲಾಸೊಂದರಲ್ಲಿ ನನಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಬಸ್ಸಿನಲ್ಲಿ ಶಂಕಗಿರಿಗೆ ಬರುವವರೆಗೂ ಕಿಟಕಿ ಗಾಜಿನಲ್ಲಿ ಕಾಣುವ ನನ್ನ ಕಣ್ಣನ್ನೇ ನೋಡಿ ಮೂರು ಎಣಿಸುತ್ತ ಬಂದೆ.

ಅವರು ಬರುವ ದಿನ ಬೆಳಿಗ್ಗೆ ನಾಲ್ಕಕ್ಕೇ ಎಚ್ಚರವಾಯಿತು. ಹಿಂದಿನ ದಿನ ಹಚ್ಚಿದ ಹೇರ್‌ಡೈ ಎಡಗಿವಿಯ ಮೇಲೆ ಕಲೆಯಾಗಿ ನಿಂತಿತ್ತು, ಎಷ್ಟು ತೊಳೆದರೂ ಹೋಗಲಿಲ್ಲ. ಹೊಸ ಶರಟು, ಟಕ್ ಇನ್, ಬೆಲ್ಟು. ಮನೆಯೊಳಗೆ ಶೂ ಹಾಕಿಕೊಳ್ಳಬಹುದೇ ಎಂದು ಮಗಳನ್ನು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸೂಪರ್ ಪಾ" ಅಂದಳು. ಆ ದಿನ ಅವಳಿಗೆ ಎಷ್ಟು ದೊಡ್ಡದು ಎಂದು ನನಗೆ ಗೊತ್ತಿತ್ತು. ಅದಕ್ಕೇ ನನಗೆ ಅಷ್ಟು ಭಯ.

ಹುಡುಗ, ತಂದೆ, ತಾಯಿ, ಸೋದರಮಾವ, ನಾಲ್ಕು ಜನ ಬಂದರು. ಹುಡುಗನ ತಂದೆ ಮೇಷ್ಟ್ರು ಬಿಳಿ ಶರಟು, ಬಿಳಿ ಪಂಚೆಯ ಸಪೂರ ಮನುಷ್ಯ. ಕೈಕುಲುಕಲು ನಾನು ಕೈ ಚಾಚಿದೆ, ಅವರು ಕೈಮುಗಿದರು, ನಾನು ಕೈಮುಗಿಯುವಷ್ಟರಲ್ಲಿ ಅವರು ಕೈ ಚಾಚಿದರು. ಕೂತ ಮೇಲೆ ಎಲ್ಲ ಸರಾಗವಾಗಿಯೇ ನಡೆಯಿತು. ಅವರದು ಪುಸ್ತಕದಂಥ ಕನ್ನಡ. ಅರ್ಧ ನನಗೆ ಊಹೆಯಲ್ಲೇ ತಿಳಿಯಬೇಕು. ಅವರು ಒಂದೊಂದು ಮಾತಾಡುವಾಗಲೂ ನಾನು ಒಳಗೆ ಅದನ್ನು ತಿರುಗಿಸಿ ನೋಡಿ ಆಮೇಲೆ ಉತ್ತರ ಕೊಡುತ್ತಿದ್ದೆ. ಪಟ್ಟರೆ ಬಗ್ಗೆ ಕೇಳಿದರು. ಓದಿನ ವಿಷಯ ಬರುತ್ತದೆ ಎಂದು ತಿಳಿದು, ಎಂದಿನಂತೆ ನಾನೇ ಮೊದಲು, "ಸಿಕ್ಸ್ತು ಸಾರ್" ಅಂದೆ.

ಮಗಳು ಕಾಫಿ ಕೊಟ್ಟು ಒಳಗೆ ಹೋದಳು. ಮೇಷ್ಟ್ರು ಲೋಟ ಹಿಡಿದು ಮನೆಯನ್ನು ಒಮ್ಮೆ ಸುತ್ತ ನೋಡಿ, ಪಕ್ಕದಲ್ಲಿದ್ದ ಭಾವಮೈದುನನ ಕಡೆ ತಿರುಗಿ ಹೇಳಿದರು: "ನೋಡಪ್ಪಾ, ಕೇವಲ ಆರನೇ ಕ್ಲಾಸ್ ಓದಿರೋ ಮನುಷ್ಯ..."

ಮುಂದೆ ಅವರು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ.

ಇದನ್ನು ಓದುವ ನಿಮಗೆ ಏನೂ ಅನ್ನಿಸದೆ ಇರಬಹುದು. ನಮ್ಮ ಕಡೆ ಕೇವಲ ಎನ್ನುವುದು ಬೈಗುಳ. ತಮಿಳಿನವರು ಕೇವಲಂ ಎನ್ನುತ್ತಾರೆ, ಅದೇ ನಮ್ಮ ಬಾಯಿಗೂ ಬಂದಿದೆ. ನೀಚ, ಅಸಹ್ಯ, ಮಾನ ಇಲ್ಲದ್ದು ಎಂದೆಲ್ಲ ಅರ್ಥ. ಕುಡಿದು ಚರಂಡಿಯಲ್ಲಿ ಬಿದ್ದವನನ್ನು ಕಂಡರೆ "ಥೂ, ಕೇವಲ" ಎಂದು ಮುಖ ತಿರುಗಿಸುತ್ತೇವೆ. ಕೇವಲವಾದ ಮನುಷ್ಯ ಅನ್ನಿಸಿಕೊಂಡವನು ಊರೊಳಗೆ ತಲೆ ಎತ್ತುವ ಹಾಗಿಲ್ಲ. ಆ ಕಾಲಕ್ಕೆ ನಾನು ಕನ್ನಡದ ಒಂದು ಪುಸ್ತಕವನ್ನೂ ಮುಟ್ಟಿದವನಲ್ಲ. ಈ ಅಕ್ಷರಗಳನ್ನು ಕಲಿತದ್ದೂ ಆಮೇಲೆ. ನನ್ನ ಕಿವಿಗೆ ಬಿದ್ದದ್ದು ಮೂರೇ ಮಾತು: ಕೇವಲ, ಆರನೇ ಕ್ಲಾಸು, ಮನುಷ್ಯ.

ನಾನು ಅವರ ಕಣ್ಣನ್ನೇ ನೋಡಿದೆ. ಒಂದು, ಎರಡು, ಮೂರು. ಸ್ವಲ್ಪ ನಕ್ಕೆ. ದನಿ ಏರಿಸಲಿಲ್ಲ.

"ಸಾರ್, ನನ್ನ ಕೈಯಿ ಕಪ್ಪು. ಆದ್ರೆ ನಾನು ಕೇವಲ ಅಲ್ಲ. ಹೆಣ್ಣು ಕ್ಯೋಳಕ್ಕೆ ಬಂದ ಮನೇಲಿ ಕಾಪಿ ಕುಡೀತಾ ಇಂತಾ ಮಾತಾಡ್ತಾರಲ್ಲ, ಅದು ಕೇವಲ. ಯಾರು ಕೇವಲ ಅಂತ ಬಾಯಲ್ಲೇ ಗೊತ್ತಾಗೋಯ್ತದೆ."

ಹೇಳಿ ನಿಲ್ಲಿಸಿದೆ, ಕಲಿತ ಹಾಗೆಯೇ. ಮೇಷ್ಟ್ರ ಮುಖ ಮೊದಲು ಅರ್ಥವಾಗದವರ ಮುಖದಂತಿತ್ತು, ಆಮೇಲೆ ಬಿಳಿಚಿತು. ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ಅವರ ಹೆಂಡತಿ ಮಡಿಲ ಮೇಲಿನ ಚೀಲವನ್ನು ಕೈಗೆ ತೆಗೆದುಕೊಂಡರು. ಹುಡುಗ, "ಅಂಕಲ್, ಅಪ್ಪ ಹೇಳಿದ್ದು..." ಎಂದು ಶುರುಮಾಡಿದ. ಮೇಷ್ಟ್ರು, "ಬೇಡ, ನಡಿ" ಎಂದರು. ಕೇಸರಿಬಾತಿನ ತಟ್ಟೆ ಹಿಡಿದು ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಅವರು ಚಪ್ಪಲಿ ಮೆಟ್ಟುತ್ತಿದ್ದರು. ತಾಂಬೂಲ ಮುಟ್ಟಲಿಲ್ಲ.

ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ, ನನಗೆ ಗೆದ್ದ ಹಾಗಿತ್ತು. ಆಮೇಲೆ ಒಳಗಿಂದ ಬಂದು ನಿಂತ ಮಗಳನ್ನು ನೋಡಿದೆ.

"ಏಂಪಾ?" ಅಂದಳು. ಯಾಕಪ್ಪಾ ಅಂತ. ಸಿಟ್ಟು ಬಂದಾಗಲೂ ಅಳು ಬಂದಾಗಲೂ ಅವಳಿಗೆ ತಮಿಳೇ ಬರುವುದು. "ಅವ್ರು ಏನಂದ್ರು?"

"ಅಂದ್ರು."

"ಅದೇ ಏನು?"

ನಾನು ಹೇಳಲಿಲ್ಲ. ಆ ಮಾತನ್ನು ನನ್ನ ಬಾಯಿಂದಲೇ, ನನ್ನ ಮಗಳ ಮುಂದೆ, ನನ್ನ ಬಗ್ಗೆ ಅಂದುಕೊಳ್ಳುವುದು ಹೇಗೆ? ಹೆಂಡತಿ ಕೇಳಿದಳು, ಅವಳಿಗೂ ಹೇಳಲಿಲ್ಲ. ಅವರಿಬ್ಬರೂ ಒಳಗಿದ್ದವರು, ನನ್ನ ಉತ್ತರವನ್ನಷ್ಟೇ ಕೇಳಿಸಿಕೊಂಡಿದ್ದರು. "ನಿಮ್ಮಪ್ಪಂಗೆ ಟೈ ಕಟ್ಟಿದೋನು ಪಾಠ ಮಾಡವ್ನೆ" ಎಂದು ಹೆಂಡತಿ ಗೋಡೆಗೆ ಹೇಳಿದಳು. ಕ್ಲಾಸಿನ ಸಂಗತಿ ಅವಳಿಗೆ ಯಾವಾಗ ತಿಳಿಯಿತೋ.

ಮರುದಿನದಿಂದ ಮನೆ ಬದಲಾಯಿತು. ಹುಡುಗ ತನ್ನಪ್ಪ ಹೊಗಳಿದ್ದು ಎನ್ನುತ್ತಾನಂತೆ. ಮಗಳು ಬಂದು ನನ್ನ ಮುಖ ನೋಡುತ್ತಾಳೆ. ಹೊಗಳಿಕೆ ಯಾವುದು, ಬೈಗುಳ ಯಾವುದು ಎಂದು ತಿಳಿಯದವನೇ ನಾನು, ಎಂದುಕೊಂಡು ಪಟ್ಟರೆಗೆ ಹೊರಡುತ್ತೇನೆ. ಆಸ್ಪತ್ರೆಯಲ್ಲಿ ಇಬ್ಬರೂ ಮಾತು ಕಡಿಮೆ ಮಾಡಿದರಂತೆ. ಅವಳು ಊಟದ ಡಬ್ಬಿ ಅರ್ಧ ತಿಂದು ವಾಪಸು ತರತೊಡಗಿದಳು. ನಾನು ಪಟ್ಟರೆಯಲ್ಲಿ ಕೆಲಸ ಮಾಡುತ್ತ ಒಂದು ಗಳಿಗೆ ನಾನು ಸರಿ ಅಂದುಕೊಳ್ಳುತ್ತಿದ್ದೆ, ಇನ್ನೊಂದು ಗಳಿಗೆ ಆ ಅರ್ಧ ಡಬ್ಬಿ ನೆನಪಾಗುತ್ತಿತ್ತು. ಒಂದು ದಿನ ತಟ್ಟಿ ನೋಡಿದ ಪಟ್ಟೆಯ ದನಿ ತಪ್ಪು ಕೇಳಿಸಿಕೊಂಡು, ಬಿರುಕಿನದನ್ನೇ ಉಳಿದ ಪಟ್ಟೆಗಳ ಜೊತೆ ಸೇರಿಸಿ ಬೋಲ್ಟು ಬಿಗಿಯಲು ಹೊರಟಿದ್ದೆ. ಜೊತೆಗಿರುವ ಹಳೆಯ ಕೆಲಸಗಾರ ಕೈ ತಡೆದು, "ಎನ್ನಣ್ಣಾ, ಕಿವಿ ಮನೇಲಿ ಬಿಟ್ಟು ಬಂದ್ರಾ?" ಎಂದು ಕೇಳಿದ. ಅಂಥದು ಹಿಂದೆ ಯಾವತ್ತೂ ಆಗಿರಲಿಲ್ಲ.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ತುಮಕೂರಿನ ಲಾರಿಯೊಂದು ಹಿಂದಿನ ಪಟ್ಟೆ ಮುರಿದುಕೊಂಡು ಬಂತು. ನಾನು ಲಾರಿ ಕೆಳಗೆ ಮಲಗಿ ಬೋಲ್ಟು ಬಿಚ್ಚುತ್ತಿದ್ದೆ. ಡ್ರೈವರು ನೆರಳಿನಲ್ಲಿ ಕೂತು ಮೊಬೈಲು ನೋಡುತ್ತಿದ್ದ. ಅದರಿಂದ ಒಬ್ಬಾಕೆಯ ಉತ್ಸಾಹದ ದನಿ ಬಂತು: "ಕೇವಲ ಐದೇ ನಿಮಿಷದಲ್ಲಿ ಗರಿಗರಿ ವಡೆ."

ಸ್ಪ್ಯಾನರು ಕೈಯಲ್ಲೇ ನಿಂತಿತು. ವಡೆಯನ್ನು ಯಾಕೆ ಬೈಯುತ್ತಾಳೆ?

ಹೊರಗೆ ತೆವಳಿ ಬಂದು, "ಅಣ್ಣಾ, ಅದ್ನ ಇನ್ನೊಂದ್ಸಲ ಹಾಕಿ" ಅಂದೆ.

"ವಡೆದಾ?"

"ಊಂ."

ಮತ್ತೆ ಹಾಕಿದ. ಕೇವಲ ಐದೇ ನಿಮಿಷದಲ್ಲಿ.

"ಈ ಕೇವಲ ಅಂದ್ರೆ ಏನು?"

ಅವನು ನನ್ನನ್ನು ಒಂದು ಥರ ನೋಡಿದ. "ಬರೀ ಅಂತ. ಬರೀ ಐದು ನಿಮ್ಷ. ನೀವು ಕನ್ನಡದೋರೇ ಅಲ್ವಾ?"

"ಬೈಯೋದಲ್ವಾ?"

"ವಡೆ ಯಾಕ್ ಬೈತಾರೆ ಅಣ್ಣಾ." ಅವನು ನಕ್ಕ. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದ, "ಬೈಯೋದೂ ಒಂದೈತೆ. ನನ್ನ ಕೇವಲವಾಗಿ ನೋಡ್ಬೇಡ ಅಂತೀವಿ. ಹೆಂಗ್ ಅಂತಾರೆ ಅನ್ನೋದ್ರ ಮೇಲೆ ಓಯ್ತದೆ."

ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೊದಲ ಅರ್ಥ ಕೇಳಿದಾಗ ತಪ್ಪು ನನ್ನದೇ ಎಂದು ಖಾತ್ರಿಯಾಗಿತ್ತು. ಎರಡನೆಯದು ಕೇಳಿದ ಮೇಲೆ ಯಾವ ಕಡೆಗೂ ಹೋಗಲಾರದೆ ಸಿಕ್ಕಿಬಿದ್ದೆ. ಮೇಷ್ಟ್ರು ಹೇಗೆ ಅಂದಿದ್ದರು? ಆ ದನಿಯನ್ನು ಎಷ್ಟು ನೆನೆದರೂ ನನ್ನ ಕಿವಿಗೆ ನನ್ನದೇ ಉತ್ತರ ಕೇಳಿಸುತ್ತಿತ್ತು. ಅವರನ್ನೇ ಕೇಳಬೇಕು, ಬೇರೆ ದಾರಿ ಇಲ್ಲ. ಫೋನಿನಲ್ಲಿ ಕೇಳುವ ಧೈರ್ಯ ಬರಲಿಲ್ಲ. ಮುಖ ಕಾಣದೆ ಮಾತು ಕೇಳಿದರೆ ಮತ್ತೆ ತಪ್ಪಿ ಕೇಳಿಸಿಕೊಂಡೇನು ಎಂಬ ಭಯ.

ಮನೆಯಲ್ಲಿ ಈ ಸಲ ಸುಳ್ಳು ಹೇಳಲಿಲ್ಲ. "ಕೊಳ್ಳೇಗಾಲಕ್ಕೆ ಓಗ್ತೀನಿ" ಅಂದೆ. ಮಗಳು, "ನಾನೂ ಬರ್ಲಾ?" ಅಂದಳು. ಬೇಡ ಅಂದೆ. "ಅಪ್ಪಾ, ಅಲ್ಲಿ ಓಗಿ ಮತ್ತೆ..." ಎಂದು ಶುರುಮಾಡಿ ನಿಲ್ಲಿಸಿದಳು. ನನಗೂ ಅದೇ ಅನುಮಾನವಿತ್ತು.

ಪಂಚೆ ಉಡಲೋ ಪ್ಯಾಂಟು ಹಾಕಲೋ ಎಂದು ಬಹಳ ಹೊತ್ತು ತಿಣುಕಿದೆ. ಕೊನೆಗೆ ಅವತ್ತಿನ ಶರಟು, ಅವತ್ತಿನ ಪ್ಯಾಂಟು, ಅವತ್ತಿನ ಶೂ. ನನ್ನ ಹತ್ತಿರ ಇದ್ದದ್ದರಲ್ಲಿ ಅದೇ ಒಳ್ಳೆಯದು. ಮೇಟೂರಿಗೆ ಹೋಗಿ ಬಸ್ಸು ಬದಲಿಸಿದೆ. ಕೊಳತ್ತೂರು ದಾಟುವಾಗ ಪಾಲಮಲೆ ಎಡಗಡೆಗೆ ಕಾಣಿಸಿತು, ನಾನು ನೋಡಲಿಲ್ಲ. ಪಾಲಾರಿನ ಚೆಕ್‌ಪೋಸ್ಟ್, ಕಾಡು, ಮಾದೇಶ್ವರನ ಬೆಟ್ಟದ ತಿರುವುಗಳು, ಹನೂರು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಕಟ್ಟುತ್ತಿದ್ದೆ. ಬಸ್ಸು ತಿರುಗಿದಾಗಲೆಲ್ಲ ಒಂದು ವಾಕ್ಯ ಬಿದ್ದುಹೋಗುತ್ತಿತ್ತು. ಕೊಳ್ಳೇಗಾಲದಲ್ಲಿ ಇಳಿದಾಗ ಹಿಮ್ಮಡಿ ಸುಲಿದಿತ್ತು, ತಲೆಯಲ್ಲಿ ಒಂದು ಮಾತೂ ಉಳಿದಿರಲಿಲ್ಲ.

ಮೇಷ್ಟ್ರು ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತು ಅವರೇಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಕನ್ನಡಕ ಸರಿಮಾಡಿಕೊಂಡರು. "ಬನ್ನಿ" ಅಂದರು. ಕೂರಿ ಅನ್ನಲಿಲ್ಲ. ನಾನು ನಿಂತೇ ಕೇಳಿದೆ.

"ಸಾರ್, ಅವತ್ತು ನೀವು ಕೇವಲ ಅಂದ್ರಿ. ನಮ್ಮ ಕಡೆ ಅದು ಬೈಗ್ಳ. ನಿಮ್ಮ ಕಡೆ ಬರೀ ಅಂತ ಅಂತೆ. ನಿಮ್ಮಲ್ಲೂ ಬೈಗ್ಳ ಒಂದೈತಂತೆ. ನೀವು ಯಾವ್ದು ಅಂದಿದ್ದು? ಯಾವ್ದಾದ್ರೂ ಸರಿ, ಯೋಳ್ಬಿಡಿ."

ಅವರು ಸುಲಿಯುತ್ತಿದ್ದ ಕಾಯನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತಲೇ ಇದ್ದರು. ಆಮೇಲೆ ಒಳಗೆ ತಿರುಗಿ, "ಬಾರೇ ಇಲ್ಲಿ" ಎಂದು ಹೆಂಡತಿಯನ್ನು ಕರೆದರು. ಆಕೆ ಬಂದು ಬಾಗಿಲಿಗೆ ಒರಗಿ ನಿಂತರು.

"ನಾನು ಅಂದಿದ್ದು ಇಷ್ಟೇ ಕಣ್ರೀ" ಎಂದರು ಮೇಷ್ಟ್ರು. "ಕೇವಲ ಆರನೇ ಕ್ಲಾಸ್ ಓದಿರೋ ಮನುಷ್ಯ, ಮನೆ ನೋಡು ಎಷ್ಟು ಚೊಕ್ಕವಾಗಿ ಕಟ್ಟಿದಾರೆ, ಮಗಳನ್ನ ನೋಡು ಎಷ್ಟು ಓದ್ಸಿದಾರೆ, ಅಂತ. ಹೊಗಳ್ತಾ ಇದ್ದೆ."

"ಹೊಗಳೋರು ಓದಿಂದ ಯಾಕ್ ಎತ್ಬೇಕಿತ್ತು?" ಎಂದರು ಆಕೆ. "ಯಾರನ್ನ ಕಂಡ್ರೂ ಮಾರ್ಕ್ಸ್ ಹಾಕೋ ಚಾಳಿ ನಿಮ್ಗೆ ರಿಟೈರಾದ್ರೂ ಹೋಗ್ಲಿಲ್ಲ."

ಮೇಷ್ಟ್ರು ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟರು. "ಅದೂ ನಿಜವೇ" ಎಂದರು. "ಬೈಯ್ಲಿಲ್ಲ, ಅದಂತೂ ದೇವರಾಣೆ. ಆದ್ರೆ ಆರನೇ ಕ್ಲಾಸು ಅಂತ ಅಂದ್ಕೊಳ್ದೆ ನಿಮ್ಮನ್ನ ನೋಡಿದ್ನಾ ಅಂದ್ರೆ, ನೋಡ್ಲಿಲ್ಲ."

ಆಗ ನನಗೆ ಅಳು ಬಂತು. ಯಾಕೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ತಪ್ಪಾಯ್ತು ಸಾರ್ ಅಂದೆ. ಅವರು ಪಕ್ಕದ ಕುರ್ಚಿಯ ಮೇಲಿದ್ದ ಸಿಪ್ಪೆ ತೆಗೆದು, "ಕೂರಿ ಮೊದ್ಲು" ಅಂದರು. ಆಮೇಲೆ ಕೇಳಿದರು: "ನೀವು ಅಂದ ಮಾತು ನನಗೆ ಅವತ್ತು ಅರ್ಥಾನೇ ಆಗ್ಲಿಲ್ಲ. ಅರ್ಥ ಆಗಿದ್ದು ಮುಖ. ಅದೇನು, ಹಂಗೆ ಕಣ್ಣು ಮಿಟುಕಿಸ್ದೆ ನಕ್ಕಂಡು ನೋಡಿದ್ರಿ? ನನಗೆ ಹೆದ್ರಿಕೆ ಆಗೋಯ್ತು."

"ಅದು ಕ್ಲಾಸಲ್ಲಿ ಕಲ್ತಿದ್ದು ಸಾರ್."

"ಯಾವ ಕ್ಲಾಸು?"

"ಸೇಲಂದಲ್ಲಿ. ಪರ್ಸನಾಲಿಟಿ ಕ್ಲಾಸು. ನೀವು ಬರ್ತೀರಿ ಅಂತ ಸೇರ್ಕಂಡಿದ್ದೆ."

ಆಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಅಡುಗೆಮನೆಯಿಂದ ನಗು ಕೇಳಿಸಿತು. ಮೇಷ್ಟ್ರು ನಗಲಿಲ್ಲ. "ನಾನು ಬರ್ತೀನಿ ಅಂತಾನಾ?" ಎಂದು ಇನ್ನೊಂದು ಸಲ ಕೇಳಿದರು, ಅಷ್ಟೇ.

ಊಟ ಮಾಡಿಯೇ ಹೋಗಬೇಕು ಎಂದರು. ಮಾಡಿದೆ. ಆದರೆ ಬಂದ ಕೆಲಸ ಆಗಿರಲಿಲ್ಲ. ಮದುವೆಯ ಮಾತನ್ನು ಅವರು ಎತ್ತಲಿಲ್ಲ, ಎತ್ತುವ ಯೋಗ್ಯತೆ ನನಗಿದೆ ಅನ್ನಿಸಲಿಲ್ಲ. ಅವರು ಪಟ್ಟೆಯ ವಿಷಯ ಕೇಳಿದರು, ಕಾವೇರಿ ನೀರಿನ ವಿಷಯ ಕೇಳಿದರು. ಪ್ರತಿ ಮಾತಿಗೂ ನಾನು ಒಳಗೆ ಹೆದರುತ್ತಿದ್ದೆ: ಇದರಲ್ಲಿ ಯಾವ ಮಾತು ಅವರ ಕಡೆ ಬೇರೆಯೋ. ಹೊರಡುವಾಗ ಮೇಷ್ಟ್ರು, "ಆಯ್ತು, ನೋಡೋಣ. ಹುಡುಗನ ಹತ್ರ ಮಾತಾಡ್ತೀನಿ" ಎಂದರು. ಈ ನೋಡೋಣಕ್ಕೆ ನಮ್ಮ ಕಡೆ ಪಾಕ್ಕಲಾಂ ಎನ್ನುತ್ತಾರೆ. ಪಾಕ್ಕಲಾಂ ಅಂದವರಲ್ಲಿ ತಿರುಗಿ ನೋಡಿದವರು ಕಡಿಮೆ. ಹೊಸ್ತಿಲಾಚೆ ಕೂತು ಸುಲಿದ ಹಿಮ್ಮಡಿಯನ್ನು ಶೂ ಒಳಗೆ ತುರುಕುತ್ತ, ಮಗಳಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ.

ಆಕೆ ಒಂದು ಚೀಲ ತಂದು ಪಕ್ಕದಲ್ಲಿಟ್ಟರು. "ಅವರೇಕಾಯಿ ಕಣಣ್ಣಾ, ನಮ್ಮ ಹೊಲದ್ದು. ಬೀಗಿತ್ತಿಗೆ ಕೊಡಿ."

ಆ ಮಾತು ಅಜ್ಜಿಯ ಬಾಯಲ್ಲಿ ಎಂದೋ ಕೇಳಿದ ಹಾಗಿತ್ತು. ನಮ್ಮ ಮನೆಗಳಲ್ಲಿ ಈಗ ಅದು ಇಲ್ಲ. ಗೊತ್ತಿದೆ ಅನ್ನಿಸಿತು. ಗೊತ್ತಿದೆ ಎಂದುಕೊಂಡು ಹೊರಡುವ ಧೈರ್ಯ ಬರಲಿಲ್ಲ.

"ಅಮ್ಮಾ, ಬೀಗಿತ್ತಿ ಅಂದ್ರೆ ಏನು?"

ಆಕೆ ಗಂಡನ ಮುಖ ನೋಡಿದರು. ಮೇಷ್ಟ್ರು, "ಅದೂ ನಿಮ್ಮ ಕಡೆ ಬೈಗುಳವಾ?" ಅಂದರು.

"ಇಲ್ಲ ಸಾರ್. ನಮ್ಮ ಕಡೆ ಆ ಮಾತೇ ಇಲ್ಲ. ಅದಕ್ಕೇ ಕ್ಯೋಳ್ದೆ."

"ನಿಮ್ಮ ಮನೆಯವ್ರು ಕಣಣ್ಣಾ" ಎಂದರು ಆಕೆ. "ನನ್ನ ಮಗನಿಗೆ ಅತ್ತೆ ಆಗೋರು."

ಶೂ ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು. ಬಸ್‌ಸ್ಟ್ಯಾಂಡಿಗೆ ಬಂದು ಮಗಳಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಎನ್ನಪ್ಪಾ ಆಚ್ಚು?" ಏನಾಯಿತು ಅಂತ.

"ಅವರೇಕಾಯಿ ಕೊಟ್ಟವ್ರೆ" ಅಂದೆ. "ಬೀಗಿತ್ತಿಗಂತೆ."

"ಯಾರದು ಬೀಗಿತ್ತಿ?"

ಹೇಳಿದೆ. ಲೈನು ಹೋಯಿತೇ ಎಂದು ಫೋನು ನೋಡಿಕೊಂಡೆ, ಹೋಗಿರಲಿಲ್ಲ. ಆಮೇಲೆ ಮೂಗು ಎಳೆದುಕೊಂಡ ಸದ್ದು ಬಂತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ನನಗೆ ಮತ್ತೆ ಗಾಬರಿಯಾಗಿ, "ಅಮ್ಮಣೀ, ಸರಿಯಾಗಿ ಕ್ಯೋಳಿಸ್ತಾ?" ಎಂದು, ಬಸ್‌ಸ್ಟ್ಯಾಂಡಿನ ಜನವೆಲ್ಲ ತಿರುಗಿ ನೋಡುವ ಹಾಗೆ, ಲಾರಿ ಕೆಳಗಿನ ದನಿಯಲ್ಲಿ ಕೂಗಿದೆ.